ಊರು ಬಿಟ್ಟ ಸಂತ ಕೊಲಂಬಾ ಮತ್ತು ಡೊನೆಗಾಲ್ ನಾಡು

ಜೂನ್ 9 ಸಂತ ಕೊಲಂಬಾ ಅವರ ಹಬ್ಬ. ಸಂತ ಪ್ಯಾಟ್ರಿಕ್ ಮತ್ತು ಸಂತ ಬ್ರಿಜಿಡ್ ಅವರೊಂದಿಗೆ ಐರ್ಲೆಂಡಿನ ಮೂವರು ಪಾಲಕ ಸಂತರಲ್ಲಿ ಇವರೂ ಒಬ್ಬರು. ಇವರ ಹುಟ್ಟೂರು ಇರುವ ಡೊನೆಗಾಲ್ ಜಿಲ್ಲೆ ಆ ದೇಶದ ವಾಯುವ್ಯ ಮೂಲೆಯಲ್ಲಿದೆ. ಅಲ್ಲಿಗೆ ಹೋದವರು ಬೆಟ್ಟ, ಸರೋವರ, ಸಮುದ್ರದಿಂದ 601 ಮೀಟರ್ ಎತ್ತರಕ್ಕೆ ಎದ್ದು ನಿಂತ ಸ್ಲೀವ್ ಲೀಗ್ ಬಂಡೆಗಳನ್ನು ಕಂಡು ಬೆರಗಾಗುತ್ತಾರೆ. ಈ ಸಂತರ ಬದುಕನ್ನು ತಿಳಿದು ಹೋದವರಿಗೆ ಆ ನೆಲದ ನೋವೂ ಕಾಣುತ್ತದೆ ಎಂಬುದು ನಮ್ಮ ಅನಿಸಿಕೆ.

ಕೊಲಂಬಾ 521ರ ಸುಮಾರಿಗೆ ಗಾರ್ಟನ್ ಸರೋವರದ ಬಳಿ ರಾಜಮನೆತನವೊಂದರಲ್ಲಿ ಹುಟ್ಟಿದರು. ಐರಿಷ್ ಭಾಷೆಯಲ್ಲಿ ಅವರು ಕೋಲಂ ಕಿಲ್ಲೆ, ಅಂದರೆ ದೇವಾಲಯದ ಪಾರಿವಾಳ. ಆದರೆ ಜನರು ಹೇಳುವ ಕಥೆಗಳಲ್ಲಿ ಈ ಪಾರಿವಾಳಕ್ಕೆ ಕೋಪ ಜಾಸ್ತಿ! ಗುರು ಫಿನಿಯನ್ ಅವರ ಕೀರ್ತನೆಗಳ ಪುಸ್ತಕವನ್ನು ಅವರು ಗುಟ್ಟಾಗಿ ನಕಲು ಮಾಡಿಕೊಂಡರಂತೆ. ಕರು ಹಸುವಿನ ಒಡೆಯನಿಗೆ ಸೇರುವಂತೆ ನಕಲೂ ಗುರುವಿಗೇ ಸೇರಬೇಕೆಂದು ದೊರೆ ತೀರ್ಪಿತ್ತನಂತೆ. ಆ ಸಿಟ್ಟೇ 561ರ ಯುದ್ಧಕ್ಕೆ ಕಾರಣವಾಯಿತೆನ್ನುತ್ತಾರೆ. ಪುಸ್ತಕದ ಕಥೆಯನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಯುದ್ಧವಂತೂ ನಡೆದದ್ದು ನಿಜ, ಅವರ ಬಂಧುಗಳು ಗೆದ್ದದ್ದೂ ನಿಜ. ಅವರದೇ ಕೈಬರಹವೆಂದು ನಂಬಲಾದ 'ಕಾಹಕ್' ಎಂಬ ಪುರಾತನ ಕೀರ್ತನೆಗಳ ಪ್ರತಿಯ 58 ಹಾಳೆಗಳು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿವೆ.

563ರಲ್ಲಿ ಕೊಲಂಬಾ 12 ಮಂದಿ ಸಂಗಡಿಗರೊಂದಿಗೆ ಕಡಲು ದಾಟಿ ಸ್ಕಾಟ್ಲೆಂಡಿನ ಅಯೋನಾ ದ್ವೀಪ ಸೇರಿದರು. ಯುದ್ಧದಲ್ಲಿ ಸತ್ತವರಿಗಾಗಿ ಪ್ರಾಯಶ್ಚಿತ್ತವೆಂದು ಹೊರಟರೋ, ಶುಭಸಂದೇಶ ಸಾರಲೆಂದೇ ಹೊರಟರೋ, ಎರಡನ್ನೂ ಹೇಳುವವರಿದ್ದಾರೆ. ಅಯೋನಾದಲ್ಲಿ ಅವರು ಕಟ್ಟಿದ ಮಠದಿಂದ ಕ್ರೈಸ್ತ ವಿಶ್ವಾಸ ಉತ್ತರ ಬ್ರಿಟನ್ನಿಗೆ ಹರಡಿತು.

ಹೊರಡುವ ಹಿಂದಿನ ರಾತ್ರಿ ಅವರು ಗಾರ್ಟನ್‌ನ ಒಂದು ಚಪ್ಪಡಿ ಕಲ್ಲಿನ ಮೇಲೆ ಮಲಗಿದ್ದರೆಂದು ಊರವರ ನಂಬಿಕೆ. ಅದಕ್ಕೆ ಅಗಲಿಕೆಯ ಕಲ್ಲೆಂದೇ ಹೆಸರು. ಮುಂದೆ ಬಡತನದಿಂದ ಹಡಗು ಹತ್ತಬೇಕಾದವರು, ಊರಿನ ನೆನಪು ತಮ್ಮನ್ನು ಕಾಡದಿರಲೆಂದು ಅದರ ಮೇಲೆ ಮಲಗಿ ಹೋಗುತ್ತಿದ್ದರು. ಪಕ್ಕದ ಡೆರಿವೇ ಪ್ರದೇಶದಲ್ಲಿ 1861ರಲ್ಲಿ ಜಮೀನುದಾರ ಜಾನ್ ಜಾರ್ಜ್ ಅಡೇರ್ 244 ಜನರನ್ನು ಮನೆಯಿಂದ ಹೊರಹಾಕಿಸಿದ. ಅವರಲ್ಲಿ ಅನೇಕರು ಆಸ್ಟ್ರೇಲಿಯಾಕ್ಕೆ ಹೋದರು. ಸಂತರ ಜನ್ಮಸ್ಥಳದಲ್ಲಿ ಇಂದು ನಿಂತಿರುವ ದೊಡ್ಡ ಶಿಲುಬೆಯನ್ನು ಇಡಿಸಿದವರು ಆತನ ವಿಧವೆ ಕೊರ್ನೇಲಿಯಾ ಎಂಬುದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು.

ಕೊಲಂಬಾ ಕೆಲಸದ ಮೇಲೆ ತಾಯ್ನಾಡಿಗೆ ಬಂದುಹೋದರೂ ಅಲ್ಲಿ ನೆಲೆಸಲಿಲ್ಲ. 597ರ ಜೂನ್ 9ರಂದು ಅಯೋನಾದ ದೇವಾಲಯದಲ್ಲಿ, ಬಲಿಪೀಠದ ಮುಂದೆ ಪ್ರಾಣಬಿಟ್ಟರು. ಹಿಂದಿನ ದಿನವೂ ಕೀರ್ತನೆಗಳನ್ನು ನಕಲು ಮಾಡುತ್ತಿದ್ದರೆಂದು ಅವರ ಚರಿತ್ರೆ ಬರೆದ ಮಠಾಧಿಪತಿ ಅಡಮ್ನಾನ್ ತಿಳಿಸುತ್ತಾರೆ.

ಅವರ ಹೆಸರನ್ನೇ ಹೊತ್ತ ಗ್ಲೆನ್‌ಕೊಲಂಕಿಲ್ ಕಣಿವೆ ಜಿಲ್ಲೆಯ ಪಶ್ಚಿಮ ಕಡಲತೀರದಲ್ಲಿದೆ. ಯುವಕರು ಊರು ಬಿಡುವುದನ್ನು ತಡೆಯಲು ಶ್ರಮಿಸಿದ ಧರ್ಮಗುರು ಜೇಮ್ಸ್ ಮೆಕ್‌ಡೈಯರ್ 1967ರಲ್ಲಿ ಅಲ್ಲಿ ಜಾನಪದ ಗ್ರಾಮವನ್ನು ತೆರೆದರು. ಪ್ರತಿವರ್ಷ ಹಬ್ಬದ ದಿನ ಭಕ್ತರು ಸುಮಾರು 5 ಕಿ.ಮೀ. ಹಾದಿಯ 15 ನಿಲ್ದಾಣಗಳಲ್ಲಿ ಪ್ರಾರ್ಥಿಸುತ್ತಾ ನಡೆಯುತ್ತಾರೆ. ಬರಿಗಾಲಲ್ಲಿ ನಡೆಯುವುದು ಹಳೆಯ ಪದ್ಧತಿ. ಕೆಲವು ನಿಲ್ದಾಣಗಳು ರೈತರ ಜಮೀನಿನಲ್ಲಿರುವುದರಿಂದ ಬೇರೆ ದಿನಗಳಲ್ಲಿ ಹೋಗುವವರು ಊರವರನ್ನು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.