ಅರ್ನ್‌ಸ್ಟ್ ವಿಂಡಿಷ್ ಮತ್ತು ಸಂಬಂಧವಾಚಕ ಸರ್ವನಾಮದ ಮೂಲ

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 1844ರಲ್ಲಿ ಜನಿಸಿದ ಅರ್ನ್‌ಸ್ಟ್ ವಿಂಡಿಷ್ ಅವರು ಲೈಪ್ಸಿಗ್ ವಿಶ್ವವಿದ್ಯಾಲಯದಲ್ಲಿ ಗೇಯೊರ್ಗ್ ಕುರ್ಟಿಯುಸ್ ಅವರ ಬಳಿ ಗ್ರೀಕನ್ನೂ ಹೆರ್ಮನ್ ಬ್ರಾಕ್‌ಹೌಸ್ ಅವರ ಬಳಿ ಸಂಸ್ಕೃತವನ್ನೂ ಅಭ್ಯಸಿಸಿದರು. ಸಹಪಾಠಿ ನೀತ್ಸೆ 1868ರಲ್ಲಿ ಸಂಗೀತಗಾರ ವಾಗ್ನರ್‌ನನ್ನು ಭೇಟಿಯಾದದ್ದು ಇವರ ಮೂಲಕವೇ. ಇತರರ ಚರಿತ್ರೆಗಳಲ್ಲಿ ವಿಂಡಿಷ್ ಹೆಸರು ಬರುವುದು ಹೆಚ್ಚಾಗಿ ಈ ಒಂದು ಪ್ರಸಂಗದಿಂದ. ಅವರ ವಿದ್ವತ್ತಿಗೆ ಇದು ನ್ಯಾಯವಲ್ಲ.

ಮರುವರ್ಷ, 1869ರಲ್ಲಿ, ಇಂಡೋ-ಯುರೋಪಿಯನ್ ಭಾಷೆಗಳ ಸಂಬಂಧವಾಚಕ ಸರ್ವನಾಮದ ಉಗಮವನ್ನು ಕುರಿತ ಅವರ ಪ್ರಬಂಧ ಪ್ರಕಟವಾಯಿತು. ಸಂಸ್ಕೃತದ ಯಃ, ಯಾ, ಯತ್ ರೂಪಗಳೂ ಅವೆಸ್ತಾದ ಯೋ ಎಂಬುದೂ ಗ್ರೀಕಿನ ಹೊಸ್ ಎಂಬುದೂ ಒಂದೇ ಮೂಲದವೆಂದು ಬಾಪ್ ಕಾಲಕ್ಕೇ ತಿಳಿದಿತ್ತು. ಪದಾದಿ ಯಕಾರ ಗ್ರೀಕಿನಲ್ಲಿ ಹಕಾರವಾಗುವುದು ಕ್ರಮವೇ. ಆದರೆ ಲ್ಯಾಟಿನ್ನಿನ ಕ್ವೀ ಈ ಗುಂಪಿಗೆ ಸೇರದು. ಅದರ ಮೂಲ ಪ್ರಶ್ನಾರ್ಥಕ. ಹಾಗಿದ್ದರೆ ಮೂಲಭಾಷೆಯಲ್ಲಿ ಅಧೀನವಾಕ್ಯವೇ ಇತ್ತೇ ಇಲ್ಲವೇ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. ವಿಂಡಿಷ್ ಅವರು ಧ್ವನಿಸಾಮ್ಯದಲ್ಲೇ ನಿಲ್ಲದೆ ವಾಕ್ಯದಲ್ಲಿ ಪದದ ಪ್ರಯೋಗವನ್ನು ಪರಿಶೀಲಿಸಿ, 'ಯ' ಪ್ರಕೃತಿಯು ಮೊದಲು ಹಿಂದೆ ಹೇಳಿದ್ದನ್ನು ನಿರ್ದೇಶಿಸುವ ಸರ್ವನಾಮವಾಗಿದ್ದು ಅನಂತರ ಸಂಬಂಧವಾಚಕವಾಯಿತೆಂದು ವಾದಿಸಿದರು. ಲಿಥುವೇನಿಯನ್ ಭಾಷೆಯಲ್ಲಿ ವಿಶೇಷಣದ ತುದಿಗೆ ಸೇರಿ ನಿಶ್ಚಿತಾರ್ಥವನ್ನು ಕೊಡುವ 'ಯಿಸ್' ಇಂಥ ಹಳೆಯ ಸ್ಥಿತಿಗೆ ಹತ್ತಿರದ್ದೆನ್ನಬಹುದು.

ಅನಂತರ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದ ಸಂಸ್ಕೃತ ಹಸ್ತಪ್ರತಿಗಳ ಸೂಚಿಕಾರ್ಯ, ಹೈಡೆಲ್‌ಬರ್ಗ್ ಮತ್ತು ಸ್ಟ್ರಾಸ್‌ಬರ್ಗ್‌ಗಳಲ್ಲಿ ಬೋಧನೆ, 1877ರಿಂದ ಮತ್ತೆ ಲೈಪ್ಸಿಗ್. 1879ರಲ್ಲಿ ಅವರ ಐರಿಷ್ ವ್ಯಾಕರಣ ಹೊರಬಂದಿತು. ವಿಟ್ಲಿ ಸ್ಟೋಕ್ಸ್ ಅವರೊಡನೆ ಐರಿಷ್ ಪಠ್ಯಗಳ ಮಾಲೆಯನ್ನೂ ಸಂಪಾದಿಸಿದರು. ಕುತೂಹಲದ ಸಂಗತಿಯೆಂದರೆ, ಪ್ರಾಚೀನ ಐರಿಷ್‌ನಲ್ಲಿ 'ಹೊರುವವರು' ಎಂಬರ್ಥದ ಬೆರ್ತೆ ಎಂಬ ಸಂಬಂಧಸೂಚಕ ಕ್ರಿಯಾರೂಪದ ಅಂತ್ಯದಲ್ಲಿ ಇದೇ 'ಯೊ' ಕರಗಿ ಕುಳಿತಿದೆ. ಗಾಲಿಷ್ ಶಾಸನವೊಂದರ ದುಗಿಯೋಂತಿಯೊ ಎಂಬ ಕ್ರಿಯಾಪದದಲ್ಲಿ ಅದು ಇನ್ನೂ ಸ್ಪಷ್ಟ.

ಕನ್ನಡದ ಅಧ್ಯಾಪಕರು ಇಲ್ಲೊಂದು ಎಚ್ಚರ ವಹಿಸಬೇಕು. ನಮ್ಮ 'ಯಾವ', 'ಯಾರು'ಗಳು ದ್ರಾವಿಡ ಪ್ರಶ್ನಾರ್ಥಕಗಳು. ಯಕಾರದ ಹೋಲಿಕೆಯಿಂದ ಅವನ್ನು 'ಯತ್' ಜೊತೆಗೆ ಕೂಡಿಸುವುದು ತಪ್ಪು. 'ಯಾವನು ಬಂದನೋ ಅವನು' ಎಂಬಲ್ಲಿ ಕನ್ನಡ ಪ್ರಶ್ನಾರ್ಥಕವನ್ನೇ ಸಂಬಂಧಕ್ಕೆ ಬಳಸುವುದರಿಂದ, ಈ ಒಂದು ವಿಷಯದಲ್ಲಿ ಅದರ ದಾರಿ ಲ್ಯಾಟಿನ್ನಿನದು. 'ಬಂದವನು' ಎಂಬ ಕೃದಂತವಿರುವಾಗ ಅದರ ಅಗತ್ಯವೂ ಕಡಿಮೆ.

ಭಾರತೀಯ ವಿದ್ಯೆಯ ಇತಿಹಾಸವನ್ನು ಕುರಿತ ವಿಂಡಿಷ್ ಅವರ ಗ್ರಂಥದ ಮೊದಲ ಭಾಗ 1917ರಲ್ಲಿ ಅಚ್ಚಾಯಿತು. 1918ರಲ್ಲಿ ಅವರು ನಿಧನರಾದರು. ಎರಡನೆಯ ಭಾಗ 1920ರಲ್ಲಿ ಹೊರಬಂದಿತು. ಅಷ್ಟರಲ್ಲೇ, 1915ರಲ್ಲಿ, ಹ್ರೊಜ್ನಿ ಹಿಟ್ಟೈಟ್ ಭಾಷೆ ಇಂಡೋ-ಯುರೋಪಿಯನ್ ಎಂದು ಸಾರಿದ್ದರು. ಅಲ್ಲಿ ಪ್ರಶ್ನೆಗೂ ಸಂಬಂಧಕ್ಕೂ ಕುಯಿಸ್ ಒಂದೇ, 'ಯ'ಕಾರದ ಸಂಬಂಧವಾಚಕವಿಲ್ಲ. ಅನಟೋಲಿಯನ್ ಶಾಖೆ ಬೇರ್ಪಟ್ಟ ಮೇಲೆ 'ಯ' ಸಂಬಂಧವಾಚಕವಾಯಿತೇ, ಅಥವಾ ಆ ಶಾಖೆಯೇ ಅದನ್ನು ಕಳೆದುಕೊಂಡಿತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.