ಬೆಳಕು ಕಾಣದೆ ಹೋದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್



ಪರೀಕ್ಷೆಗೆ ಓದಲು ಕುಳಿತಾಗ ಕರೆಂಟ್ ಹೋದರೆ ನಮ್ಮ ಅಸೂಟಿಯಲ್ಲಿ ಯಾರಿಗೆ ತಾನೇ ಬೇಸರವಾಗುವುದಿಲ್ಲ? ಆ ಕರೆಂಟು ಕನ್ನಡ ನಾಡಿಗೆ ಬರಲು ಕಾರಣರಾದ ಒಬ್ಬ ಮಹನೀಯರನ್ನು ನೀವು ತಿಳಿಯಲೇಬೇಕು.

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಇಂದಿನ ಕೇರಳದ ಪಾಲಕ್ಕಾಡ್ ಬಳಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1868ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಸೇರಿದರು. ನೌಕರಿಯಲ್ಲಿದ್ದುಕೊಂಡೇ ಕಾನೂನು ಪದವಿಯನ್ನೂ ಪಡೆದರು. 1883ರಲ್ಲಿ ದಿವಾನರಾಗಿ, ಸುಮಾರು 18 ವರ್ಷ ಆ ಹೊಣೆ ಹೊತ್ತರು. ಬೆಂಗಳೂರಿಗೆ ಹೆಸರಘಟ್ಟದ ಕುಡಿಯುವ ನೀರು ಬಂದದ್ದು ಇವರ ಕಾಲದಲ್ಲಿಯೇ.

ಆಗ ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯಂತ್ರಗಳು ನಡೆಯುತ್ತಿದ್ದವು. ಅವುಗಳ ಉರುವಲಿಗೆ ಬಹಳ ಖರ್ಚಾಗುತ್ತಿತ್ತು. ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯಿಂದ ವಿದ್ಯುತ್ ತೆಗೆದು ಗಣಿಗಳಿಗೆ ಕೊಡಬಹುದೆಂದು ಇಂಜಿನಿಯರ್ ಲೋಟ್ಬಿನಿಯರ್ ಯೋಜನೆ ಹಾಕಿದರು. ಅಷ್ಟು ದೂರ ತಂತಿಯಲ್ಲಿ ವಿದ್ಯುತ್ ಒಯ್ಯುವುದು ಭಾರತದಲ್ಲಿ ಯಾರೂ ಮಾಡಿರದ ಕೆಲಸ. 1898ರಲ್ಲಿ ಪ್ಲೇಗ್ ಬೇರೆ ನಾಡನ್ನು ಕಾಡಿತ್ತು. ಯೋಜನೆ ಸೋತರೆ ಪ್ರಜೆಗಳ ಹಣ ನೀರುಪಾಲು. ಆದರೂ ದಿವಾನರು ಧೈರ್ಯ ಮಾಡಿದರು.

ನೀರಿನಿಂದ ಬೆಳಕು ಹೇಗೆ ಎನ್ನುವಿರಾ? ಜಲಪಾತದ ಮೇಲ್ಗಡೆಯೇ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ದಪ್ಪ ಕೊಳವೆಗಳಲ್ಲಿ ಕೆಳಕ್ಕೆ ಬಿಡುತ್ತಾರೆ. ರಭಸದ ನೀರು ಬಡಿದು ಚಕ್ರ ತಿರುಗುತ್ತದೆ. ಚಕ್ರದ ಜೊತೆಗೆ ಜನರೇಟರ್ ತಿರುಗುತ್ತದೆ. ಅದರೊಳಗೆ ಅಯಸ್ಕಾಂತವೂ ತಂತಿಯ ಸುರುಳಿಗಳೂ ಇರುತ್ತವೆ. ಒಂದರ ಎದುರು ಇನ್ನೊಂದು ತಿರುಗಿದಾಗ ವಿದ್ಯುತ್ ಹುಟ್ಟುತ್ತದೆ. ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳದ್ದೂ ಇದೇ ತತ್ವ. ಅಲ್ಲಿ ತಿರುಗಿಸುವುದು ಗಾಳಿ, ಇಲ್ಲಿ ನೀರು. ನೀರು ಖರ್ಚಾಗದೆ ಮತ್ತೆ ನದಿಗೇ ಸೇರುತ್ತದೆ. ದೂರ ಸಾಗುವಾಗ ವಿದ್ಯುತ್ ಪೋಲಾಗದಿರಲೆಂದು ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜ್ ಹೆಚ್ಚಿಸಿ ಕಳಿಸುತ್ತಾರೆ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಗಣಿಗಳನ್ನು ಮುಟ್ಟಿತು. 1897ರಲ್ಲೇ ಡಾರ್ಜಿಲಿಂಗಿನಲ್ಲಿ ಸಣ್ಣ ಜಲವಿದ್ಯುತ್ ಕೇಂದ್ರ ಆಗಿದ್ದರೂ, ದೇಶದಲ್ಲಿ ಇಂಥ ದೊಡ್ಡ ಕೆಲಸ ಇದೇ ಮೊದಲು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಹಳ್ಳಿಗಳು ಮಾತ್ರ ಇನ್ನೂ ದಶಕಗಳ ಕಾಲ ಚಿಮಣಿ ಬೆಳಕಿನಲ್ಲೇ ಇದ್ದವು.

ಆದರೆ ದಿವಾನರು ಇದಾವುದನ್ನೂ ಕಾಣಲಿಲ್ಲ. ಅನಾರೋಗ್ಯದಿಂದ 1901ರಲ್ಲಿ ಪದವಿ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. ಬೆಂಗಳೂರಿನ ಶೇಷಾದ್ರಿಪುರ ಅವರ ಹೆಸರನ್ನು ಉಳಿಸಿಕೊಂಡಿದೆ.

ಗೆಳೆಯರೇ, ಮಾವಿನ ಗಿಡ ನೆಟ್ಟ ಅಜ್ಜ ಹಣ್ಣು ತಿನ್ನದೇ ಹೋಗಬಹುದು, ಮೊಮ್ಮಕ್ಕಳು ತಿನ್ನುತ್ತಾರೆ. ಇಂದು ರಾತ್ರಿ ಓದಿಗೆಂದು ಸ್ವಿಚ್ ಒತ್ತುವಾಗ ಅವರನ್ನು ಒಮ್ಮೆ ನೆನೆಯಿರಿ. ಓದು ಮುಗಿದ ಮೇಲೆ ದೀಪ ಆರಿಸುವುದನ್ನು ಮರೆಯಬೇಡಿ.