ನಾಮ್ಡಿ ಅಜಿಕಿವೆ: ಪತ್ರಿಕೆ ಕೊಟ್ಟ ಬಲವನ್ನು ರಾಷ್ಟ್ರಪತಿ ಕುರ್ಚಿ ಕೊಡಲಿಲ್ಲ

1989ರ ನವೆಂಬರ್‌ನಲ್ಲಿ ನೈಜೀರಿಯಾದ ಹಿರಿಯ ನಾಯಕ ನಾಮ್ಡಿ ಅಜಿಕಿವೆ ತೀರಿಕೊಂಡರು ಎಂಬ ಸುದ್ದಿ ದೇಶದಾದ್ಯಂತ ಹಬ್ಬಿತು. ಪತ್ರಿಕೆಗಳೂ ಅದನ್ನು ಪ್ರಕಟಿಸಿದವು. ಆದರೆ ಸುದ್ದಿ ಸುಳ್ಳಾಗಿತ್ತು. ಅದಾದ ಮೇಲೆ ಅವರು ಇನ್ನೂ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು. ಪತ್ರಿಕೆಯಿಂದಲೇ ಹೆಸರು ಮಾಡಿದ ವ್ಯಕ್ತಿ ತಮ್ಮದೇ ಸಾವಿನ ಸುದ್ದಿ ಕೇಳುವಂತಾಗಿತ್ತು.

ಜನರ ಬಾಯಲ್ಲಿ 'ಜಿಕ್' ಎಂದೇ ಪರಿಚಿತರಾದ ಅಜಿಕಿವೆ ಹುಟ್ಟಿದ್ದು 1904ರ ನವೆಂಬರ್ 16ರಂದು, ಉತ್ತರ ನೈಜೀರಿಯಾದ ಜುಂಗೆರುವಿನಲ್ಲಿ. ತಂದೆ ಬ್ರಿಟಿಷ್ ಆಡಳಿತದಲ್ಲಿ ಗುಮಾಸ್ತ. ಮನೆಮಾತು ಇಗ್ಬೊ. ಉತ್ತರದಲ್ಲಿ ಬೆಳೆದಿದ್ದರಿಂದ ಹೌಸಾ ಬಂತು, ಲಾಗೋಸ್‌ನಲ್ಲಿ ಓದಿದ್ದರಿಂದ ಯೊರುಬಾ ಬಂತು. ದೇಶದ ಮೂರೂ ದೊಡ್ಡ ಭಾಷೆಗಳನ್ನು ಬಲ್ಲ ನಾಯಕರು ಆಗ ಹೆಚ್ಚಿರಲಿಲ್ಲ.

ಅಮೆರಿಕದಿಂದ ಅಕ್ರಾಕ್ಕೆ

1925ರಲ್ಲಿ ಅಮೆರಿಕಕ್ಕೆ ಹೋದ ಅಜಿಕಿವೆ, ಸಿಕ್ಕ ಕೆಲಸ ಮಾಡಿಕೊಂಡು ಓದಿದರು. ಲಿಂಕನ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳಲ್ಲಿ ಪದವಿ ಪಡೆದು, ಲಿಂಕನ್‌ನಲ್ಲೇ ಪಾಠವನ್ನೂ ಮಾಡಿದರು. 1934ರಲ್ಲಿ ಆಫ್ರಿಕಾಕ್ಕೆ ಮರಳಿ, ಇಂದಿನ ಘಾನಾದ ರಾಜಧಾನಿ ಅಕ್ರಾದಲ್ಲಿ 'ಆಫ್ರಿಕನ್ ಮಾರ್ನಿಂಗ್ ಪೋಸ್ಟ್' ಸಂಪಾದಕರಾದರು. ಮುಂದೆ ಘಾನಾದ ಮೊದಲ ಅಧ್ಯಕ್ಷರಾದ ಕ್ವಾಮೆ ಎನ್‌ಕ್ರುಮಾ ಓದಲು ಅಮೆರಿಕಕ್ಕೆ ಹೊರಟಿದ್ದರಲ್ಲಿ ಇವರ ಪ್ರಭಾವವೂ ಇತ್ತು.

ವಸಾಹತು ಆಡಳಿತವನ್ನು ಕಟುವಾಗಿ ಟೀಕಿಸಿದ ಲೇಖನವೊಂದನ್ನು ಪ್ರಕಟಿಸಿದ್ದಕ್ಕೆ 1936ರಲ್ಲಿ ಅವರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಆರು ತಿಂಗಳ ಜೈಲು ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ಆ ಶಿಕ್ಷೆ ರದ್ದಾಯಿತು.

1937ರಲ್ಲಿ ಲಾಗೋಸ್‌ಗೆ ಬಂದು 'ವೆಸ್ಟ್ ಆಫ್ರಿಕನ್ ಪೈಲಟ್' ದಿನಪತ್ರಿಕೆ ಆರಂಭಿಸಿದರು. ಸ್ವಾತಂತ್ರ್ಯದ ಮಾತು ವಿದ್ಯಾವಂತರ ಕೂಟ ದಾಟಿ ಸಾಮಾನ್ಯ ಓದುಗರನ್ನು ತಲುಪಿತು. 1945ರ ಸಾರ್ವತ್ರಿಕ ಮುಷ್ಕರಕ್ಕೆ ಪೈಲಟ್ ಬೆಂಬಲವಾಗಿ ನಿಂತಾಗ ಸರ್ಕಾರ ಪತ್ರಿಕೆಯನ್ನೇ ನಿಷೇಧಿಸಿತು. ಒಬ್ಬ ಸಂಪಾದಕನಿಗೆ ಆಡಳಿತ ಎಷ್ಟು ಹೆದರಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

ಸೆನೆಟ್ ಅಧ್ಯಕ್ಷ ಪೀಠ

ಹರ್ಬರ್ಟ್ ಮೆಕಾಲೆ ಜೊತೆ ಸೇರಿ 1944ರಲ್ಲಿ ಎನ್‌ಸಿಎನ್‌ಸಿ ಪಕ್ಷ ಕಟ್ಟಿದರು. 1954ರಲ್ಲಿ ಪೂರ್ವ ಪ್ರಾಂತ್ಯದ ಪ್ರೀಮಿಯರ್ ಆದರು. ತಾವೇ ಸ್ಥಾಪಿಸಿದ್ದ ಬ್ಯಾಂಕ್‌ಗೆ ಸರ್ಕಾರದ ಹಣ ಹಾಕಿದ ವಿಚಾರದಲ್ಲಿ 1956ರಲ್ಲಿ ನೇಮಕವಾದ ತನಿಖಾ ಆಯೋಗ ಅವರ ನಡೆಯನ್ನು ಟೀಕಿಸಿತು. ಆದರೂ ಮರುವರ್ಷದ ಚುನಾವಣೆಯಲ್ಲಿ ಜನ ಅವರನ್ನೇ ಗೆಲ್ಲಿಸಿದರು.

1959ರ ಚುನಾವಣೆಯಲ್ಲಿ ಯಾರಿಗೂ ಸ್ಪಷ್ಟ ಬಹುಮತ ಬರಲಿಲ್ಲ. ಪಶ್ಚಿಮದ ನಾಯಕ ಅವೊಲೊವೊ ಜೊತೆ ಸೇರಿ ಪ್ರಧಾನಿಯಾಗುವ ಅವಕಾಶ ಅಜಿಕಿವೆ ಅವರಿಗಿತ್ತು. ಅದನ್ನು ಬಿಟ್ಟು ಅವರು ಉತ್ತರದ ಪಕ್ಷದ ಜೊತೆ ಕೈಜೋಡಿಸಿದರು. ಉತ್ತರದ ಅಬೂಬಕರ್ ತಫಾವಾ ಬಲೇವಾ ಪ್ರಧಾನಿಯಾಗಿ ಮುಂದುವರಿದರು, ಅಜಿಕಿವೆ ಸೆನೆಟ್ ಅಧ್ಯಕ್ಷರಾದರು. ಆ ಸೆನೆಟ್‌ಗೆ ಮಸೂದೆಗಳನ್ನು ತಡಮಾಡುವ ಅಧಿಕಾರವಿತ್ತೇ ಹೊರತು ತಡೆಯುವ ಅಧಿಕಾರ ಇರಲಿಲ್ಲ.

1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾಯಿತು. ನವೆಂಬರ್ 16ರಂದು, ತಮ್ಮ 56ನೇ ಹುಟ್ಟುಹಬ್ಬದ ದಿನ, ಅವರು ಗವರ್ನರ್ ಜನರಲ್ ಆದರು. 1963ರಲ್ಲಿ ನೈಜೀರಿಯಾ ಗಣರಾಜ್ಯವಾದಾಗ ಮೊದಲ ರಾಷ್ಟ್ರಪತಿಯೂ ಅವರೇ.

ಕುರ್ಚಿ ಇತ್ತು, ಅಧಿಕಾರ ಇರಲಿಲ್ಲ

1964ರ ಡಿಸೆಂಬರ್ ಚುನಾವಣೆಯಲ್ಲಿ ಅಕ್ರಮದ ಆರೋಪ ಕೇಳಿಬಂತು. ವಿರೋಧಿ ಬಣ ಬಹಿಷ್ಕಾರಕ್ಕೂ ಇಳಿಯಿತು. ಮತ್ತೆ ಸರ್ಕಾರ ರಚಿಸಲು ಬಲೇವಾ ಅವರನ್ನು ಕರೆಯಲು ರಾಷ್ಟ್ರಪತಿ ಒಪ್ಪಲಿಲ್ಲ. ಕೆಲವು ದಿನ ದೇಶ ಉಸಿರು ಬಿಗಿಹಿಡಿದು ಕಾಯಿತು. ಆದರೆ ಸೇನೆ ರಾಷ್ಟ್ರಪತಿಯ ಮಾತಿನಂತೆ ನಡೆಯುವಂತಿರಲಿಲ್ಲ. ಕೊನೆಗೆ 1965ರ ಜನವರಿ ಆರಂಭದಲ್ಲಿ ಅಜಿಕಿವೆ ಮಣಿದರು.

ಮುಂದಿನ ವರ್ಷ ಜನವರಿ 15ರಂದು ಸೇನಾ ದಂಗೆ ನಡೆದು ಬಲೇವಾ ಕೊಲೆಯಾದರು. ಅಜಿಕಿವೆ ಆಗ ವಿದೇಶದಲ್ಲಿದ್ದರು. ಜೀವ ಉಳಿಯಿತು, ಪದವಿ ಹೋಯಿತು. 1967ರಲ್ಲಿ ಇಗ್ಬೊ ಜನರ ಬಿಯಾಫ್ರಾ ಪ್ರತ್ಯೇಕವಾಗಲು ಹೊರಟಾಗ ಮೊದಲು ಅದರ ಪರ ನಿಂತರು. ಯುದ್ಧ, ಹಸಿವಿನಲ್ಲಿ ಜನ ಸಾಯುತ್ತಿದ್ದಾಗ, 1969ರಲ್ಲಿ ಅಖಂಡ ನೈಜೀರಿಯಾದ ಕಡೆಗೆ ಮರಳಿದರು. ಕೆಲವರು ಇದನ್ನು ದ್ರೋಹ ಎಂದರು, ಕೆಲವರು ವಿವೇಕ ಎಂದರು.

1979 ಮತ್ತು 1983ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತರು. 1996ರ ಮೇ 11ರಂದು ಎನುಗುವಿನಲ್ಲಿ, 91ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಇಂದು ಅಬುಜಾ ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ, 500 ನೈರಾ ನೋಟಿನ ಮೇಲೆ ಅವರ ಚಿತ್ರವಿದೆ. ದೇಶದ ಅತ್ಯುನ್ನತ ಪದವಿಗಳೆಲ್ಲ ಅವರಿಗೆ ಸಿಕ್ಕವು. ಆದರೆ ಸರ್ಕಾರವನ್ನು ನಡುಗಿಸುವ ಶಕ್ತಿ ಅವರಿಗಿದ್ದದ್ದು ಲಾಗೋಸ್‌ನ ಪತ್ರಿಕಾ ಕಚೇರಿಯಲ್ಲಿ ಕೂತಿದ್ದಾಗಲೇ.